ಹ್ಯಾಚಿನ ತಳದಲ್ಲಿ ಬೆಳಕು

ಸೀಟಿನ ಕೆಳಗೆ ಒಂದು ಬೆಳಕು ಓಡಾಡುತ್ತಿದೆ, ನನ್ನ ಚಪ್ಪಲಿಯ ಮೇಲೆ ಒಮ್ಮೆ ನಿಂತು, ಪಕ್ಕದ ಸಾಲಿನ ತೊಗರಿ ಚೀಲದ ಮೇಲೆ ಹರಿದು, ಮತ್ತೆ ಕತ್ತಲೆಗೆ — ಯಾರದೋ ಮೊಬೈಲಿನ ಟಾರ್ಚು, ಹೊರಗೆ ಇಷ್ಟು ಬಿಸಿಲಿರುವಾಗ ಟಾರ್ಚು ಯಾಕೆ, ಕಾಲೆತ್ರಿ ಅಕ್ಕಾರ, ಕಿವಿ ಓಲಿ ತಿರುಪು ಬಿದ್ದದ, ಮುಂದಿನ ಸೀಟಿನ ಹೆಂಗಸು ಬಗ್ಗಿ ಹುಡುಕುತ್ತಿದ್ದಾಳೆ, ಬಂಗಾರದ್ದೇನಬೇ ಎಂದು ಅವಳ ಪಕ್ಕದವಳು ಕೇಳುತ್ತಾಳೆ, ಬಂಗಾರದ್ದಾಗಿದ್ರ ಫ್ರೀ ಬಸ್ಸಿಗೆ ಯಾಕ ಬರ್ತಿದ್ದೆ, ಕಾರ್ ಮಾಡ್ಕೊಂಡು ಬರ್ತಿದ್ದೆ, ಹಿಂದಿನವರೆಲ್ಲ ನಗುತ್ತಾರೆ, ನಾನೂ ನಗಬೇಕು, ಕಾಲೆತ್ತಿಕೊಂಡು ಕೂತಿದ್ದೇನೆ, ನಗು ಬರುತ್ತಿಲ್ಲ, ಆ ಬೆಳಕನ್ನು ಯಾರಾದರೂ ಆರಿಸಿದರೆ ಸಾಕು, ತಿರುಪು ಸಿಗದಿದ್ದರೂ ಚಿಂತೆಯಿಲ್ಲ. ಕಂಡಕ್ಟರ್ ಆಧಾರ್ ಕೇಳುತ್ತಾನೆ, ಓದುತ್ತಾನೆ, ವಿಶಾಖಾ, ರಾಯಚೂರು, ಎಲ್ಲಿಗ್ರಿ, ದೇವದುರ್ಗ ಎನ್ನುತ್ತೇನೆ, ದುಡ್ಡಿಲ್ಲದ ಟಿಕೇಟು ಕೈಗೆ ಬರುತ್ತದೆ, ದೇವದುರ್ಗದಾಗ ಮನಿ ಅದನ್ರಿ ಎಂದು ಅವನು ಸುಮ್ಮನೆ ಮಾತಿಗೆ ಕೇಳಿದ್ದು, ಇಲ್ಲ, ಆಫೀಸ್ ಕೆಲಸ ಎಂದೆ, ಯಾಕೆ ಸುಳ್ಳು ಹೇಳಿದೆ, ಅವನಿಗೆ ಏನಾಗಬೇಕಿತ್ತು, ನಾಲಿಗೆಗೆ ಅಭ್ಯಾಸವಾಗಿದೆ ಅಷ್ಟೆ. ಗೂಗಲ್‌ಗೆ ಹೋಗುತ್ತಿದ್ದೇನೆ, ಹೊಳೆ ದಂಡೆಯ ಊರು, ಹಡಗಿನಲ್ಲಿ ನಮ್ಮ ಜೊತೆ ಕೆಲಸಕ್ಕಿದ್ದ ಹುಲಿಗೇಶನ ಮನೆಗೆ, ಅವನ ಹೆಂಡತಿ ಶಶಿಕಲಾ ಫೋನು ಮಾಡಿದ್ದಳು, ಮೇಡಂ, ಇವ್ರು ಬಿದ್ದಾಗ ನೀವು ಅಲ್ಲೇ ಇದ್ರಿ ಅಂತಾರ, ಒಂದ್ಸಲ ಬಂದು ಹೇಳ್ರಿ, ಅವತ್ತು ಇವ್ರು ಕುಡಿದಿದ್ರೋ ಇಲ್ಲೋ, ಇವ್ರಿಗೆ ನೆಪ್ಪಿಲ್ಲ, ಮಗಳ ತಲಿ ಮುಟ್ಟಿ ಬಿಟ್ಟೀನಿ ಅಂದವ್ರು ಇವ್ರು, ನಾ ಇವ್ರ ಮಾರಿ ಹೆಂಗ ನೋಡ್ಲಿ. ಫೋನಿನಲ್ಲೇ ಹೇಳಿಬಿಡಬಹುದಿತ್ತು, ಕುಡಿದಿರಲಿಲ್ಲ ಅಂತ, ಒಂದೇ ಮಾತು, ಬರ್ತೀನಿ ಎಂದೆ, ಬಂದು ಹೇಳ್ತೀನಿ ಎಂದೆ, ಒಂದು ಮಾತನ್ನು ಇನ್ನೂ ಒಂದು ವಾರ ಮುಂದಕ್ಕೆ ಹಾಕಿದೆ.

ಕಲ್ಮಲಾ ಬಂತು, ಇಲ್ಲಿಂದ ಒಂದು ದಾರಿ ಮಾನ್ವಿಗೆ, ಮಾನ್ವಿಯಲ್ಲಿ ಚನ್ನವೀರ ಸರ್ ಅವರ ಮನೆ, ಅಣ್ಣತಮ್ಮಂದಿರು ಅಕ್ಕಿ ಗಿರಣಿ ನಡೆಸುತ್ತಾರೆ, ಇವರು ಮಾತ್ರ ಹಳೆಯ ಕಟ್ಟಡ ದುರಸ್ತಿ ಮಾಡುವ ಕಂಪನಿ ಕಟ್ಟಿ ಊರೂರು ತಿರುಗುತ್ತಾರೆ, ಬೆಳಿಗ್ಗೆ ಫೋನು ಮಾಡಿದ್ದರು, ಹೋಗಿ ಬರ್ರಿ ಮೇಡಂ, ಮಾನವೀಯತಾ ಅದು, ಆದ್ರ ಹೆಚ್ಚಿಗಿ ಮಾತಾಡಾಕ ಹೋಗಬ್ಯಾಡ್ರಿ, ಯಾರಿಗೂ ಗೊತ್ತಿದ್ದಿಲ್ಲ ಅಂದ್ರ ಮುಗೀತು, ಬರೂ ಮುಂದ ನಮ್ಮನಿಗೆ ಊಟಕ್ಕ ಬರ್ರಿ. ಆತ್ರಿ ಸರ್ ಎಂದೆ. ಅವರ ಕಂಪನಿಯಿಂದಲೇ ನನಗೆ ಆ ಹಡಗು ಸಿಕ್ಕಿದ್ದು, ಮಂಗಳೂರಿನ ಹಳೆ ಬಂದರಿನಲ್ಲಿ ದಂಡೆಗೆ ಕಟ್ಟಿ ನಿಲ್ಲಿಸಿದ ಮರದ ಹಾಯಿಹಡಗು, ಒಂದು ಕಾಲಕ್ಕೆ ಹೆಂಚು, ಅಕ್ಕಿ, ತೆಂಗಿನ ನಾರು ಹೊತ್ತು ಮುಂಬಯಿಗೆ ಹೋಗಿ ಬರುತ್ತಿತ್ತು, ಅದನ್ನು ಮ್ಯೂಸಿಯಂ ಮಾಡುವುದು, ನೋಡಲು ಬಂದವರು ಓದಲು ಬೋರ್ಡು ಬರೆಯುವುದು ನನ್ನ ಕೆಲಸ. ಬೋರ್ಡು ಒಂದೊಂದೂ ನನಗೆ ಬಾಯಿಪಾಠ — ಹ್ಯಾಚ್ ಎಂದರೆ ಸರಕನ್ನು ಹಡಗಿನ ಹೊಟ್ಟೆಗೆ ಇಳಿಸಲು ಡೆಕ್ಕಿನಲ್ಲಿ ಬಿಟ್ಟ ಚೌಕ ಬಾಯಿ, ಅಲೆಯ ನೀರು ಒಳಗೆ ನುಗ್ಗದಂತೆ ಸುತ್ತಲೂ ಮೊಣಕಾಲೆತ್ತರದ ಮರದ ಕಟ್ಟೆ, ಬಾಯಿಗೆ ಅಡ್ಡವಾಗಿ ದಪ್ಪ ಹಲಗೆಗಳು, ಹಲಗೆಯ ಮೇಲೆ ತಾಡಪತ್ರಿ, ತಾಡಪತ್ರಿಯ ಅಂಚಿಗೆ ಪಟ್ಟಿ, ಪಟ್ಟಿಗೆ ಮರದ ಬೆಣೆ, ಗಾಳಿ ಕೂಡ ಒಳಗೆ ಹೋಗದು — ಹೌದು, ಹಾಗೇ ಬರೆದಿದ್ದೆ, ಗಾಳಿ ಕೂಡ ಒಳಗೆ ಹೋಗದು, ಚನ್ನವೀರ ಸರ್ ಓದಿ, ಚಲೋ ಬರದೀರಿ ಎಂದಿದ್ದರು. ಡೆಕ್ಕಿನ ಮೇಲೆ ಚಹಾ ಕುಡಿಯುತ್ತಾ ಅವರು ಆ ಬೋರ್ಡನ್ನು ಮತ್ತೊಮ್ಮೆ ಓದಿದ ದಿನ, ಇದು ನಮ್ಮ ಹಗೇವಿನಂಗ ಅದ ನೋಡ್ರಿ, ನೆಲದಾಗ ತೋಡಿ ಜ್ವಾಳ ತುಂಬ್ತಿದ್ರು, ಮ್ಯಾಲ ಬಂಡಿಗಲ್ಲು ಇಟ್ಟು ಮಣ್ಣು ಮೆತ್ತತಿದ್ರು, ನಮ್ಮ ಮುತ್ಯಾನ ಕಾಲಕ್ಕ ಅಂಗಳ ತುಂಬಾ ಹಗೇವು, ಇಳಿಯಾಕ ಬ್ಯಾರೆ ಮಂದಿ ಇರ್ತಿದ್ರು ಬಿಡ್ರಿ, ಎಂದರು. ಬ್ಯಾರೆ ಮಂದಿ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಇಂಥ ಸಾಮಾನು ಇತ್ತು, ಇಂಥ ಮಂದಿ ಇತ್ತು ಎಂದಂತೆ ಹೇಳಿದ್ದು, ನಾನು ಗ್ಲಾಸಿನೊಳಗೆ ನೋಡಿದೆ. ಹುಲಿಗೇಶ ಅಲ್ಲೇ ಹಗ್ಗ ಸುತ್ತುತ್ತಿದ್ದ, ನಮ್ಮೂರಾಗ ಹಗೇವಿಲ್ರಿ ಸಾಹುಕಾರ, ಹೊಳಿ ದಂಡಿ, ತೋಡಿದ್ರ ನೀರು ಬರ್ತಾವ, ಜ್ವಾಳ ಇಟ್ರ ಮೀನ ತಿಂತಾವ ಎಂದ, ಎಲ್ಲರೂ ನಕ್ಕರು, ಅಂದರೆ ಹಗೇವಿಗೆ ಇಳಿಯುವ ರೀತಿ ಅವನಿಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿಲ್ಲ ಎಂಬುದು ಅವತ್ತೇ ನನಗೆ ಗೊತ್ತಾಗಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗಬ್ಬೂರು, ಅಜ್ಜಿಯ ಊರು, ಬಸ್ಸು ನಿಂತಿತು, ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಿಟಕಿಯಿಂದ ಈಚೆ ಸರಿದೆ, ಬಿಸಿಲಿಗೆ ಅಂದುಕೊಳ್ಳಲಿ, ಇಲ್ಲಿ ಯಾರಾದರೂ ಗುರುತು ಹಿಡಿದರೆ, ಶೇಖಮ್ಮನ ಮೊಮ್ಮಗಳಲ್ಲೇನ ನೀನು, ಮಾಸ್ತರನ ಮಗಳು, ಎಂದರೆ ಇಷ್ಟು ಮಂದಿಯ ನಡುವೆ ಏನು ಹೇಳಲಿ. ಅಜ್ಜಿ ಶೇಖಮ್ಮ, ಸಣ್ಣ ಮೈ, ಸಾಹುಕಾರ ವಿರೂಪಣ್ಣನ ಅಂಗಳದ ಹಗೇವಿಗೆ ಇಳಿಯುತ್ತಿದ್ದವಳು ಅವಳೇ, ಬಾಯಿ ಇಕ್ಕಟ್ಟು, ಒಳಗೆ ಗುಡಾಣದ ಹಾಗೆ ಅಗಲ, ದೊಡ್ಡ ಮೈಯವರು ಹಿಡಿಸರು. ನಾನು ನೋಡಿದ್ದು ಒಮ್ಮೆ, ಊರಿನ ಕೊನೆಯ ಹಗೇವು ಅದು, ರಜೆಗೆ ಬಂದಿದ್ದೆ, ಮೆತ್ತಿದ ಮಣ್ಣು ಕೆತ್ತಿ ಬಂಡೆ ಸರಿಸಿದರು, ಸಾಹುಕಾರರ ಮನೆಯವರು ಕಟ್ಟೆಯ ಮೇಲೆ ದೂರ ನಿಂತಿದ್ದರು, ಏನಬೇ ಶೇಖಮ್ಮ, ಇಳಿ ಜಲ್ದಿ ಎಂದರು, ಅಜ್ಜಿ ಇಳಿಯಲಿಲ್ಲ, ಎಲೆ ಅಡಿಕೆ ಹಾಕಿಕೊಂಡು ಕೂತಳು, ಅದಕ್ಕೂ ಉಸುರು ಬಿಡಾಕ ಬಿಡ್ರಿ ಯಪ್ಪಾ, ವರ್ಷ ಬಾಯಿ ಮುಚ್ಚಿತ್ತು ಎಂದಳು. ಆಮೇಲೆ ಕಂದೀಲಿನ ಗಾಜು ತೆಗೆದು, ಹಗ್ಗಕ್ಕೆ ಕಟ್ಟಿ, ಮೆಲ್ಲಗೆ ಇಳಿಬಿಟ್ಟಳು, ನಾನು ಬಗ್ಗಿ ನೋಡಿದೆ, ದೀಪ ಇಳಿಯಿತು, ಇಳಿಯಿತು, ಸಣ್ಣಗಾಯಿತು, ಯಾರೋ ಎರಡು ಬೆರಳಲ್ಲಿ ಹಿಸುಕಿದಂತೆ ಹೋಯಿತು. ಕಂಡ್ಯಾ, ದೀಪ ಸಾಯೋ ಜಾಗಕ್ಕ ಮನಶಾ ಇಳೀಬಾರದು ಎಂದಳು ನನಗೆ, ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಮೇಲೆ ಕೆಳಗೆ ಬೀಸಿದರು, ಮತ್ತೆ ಕೂತರು, ಮತ್ತೆ ದೀಪ, ಈ ಸಲ ಆರಲಿಲ್ಲ, ಆಗ ಇಳಿದಳು. ಕೂಲಿಯ ಜೊತೆಗೆ ತಳದ ಜೋಳ ಕೊಡುತ್ತಿದ್ದರು, ಕಪ್ಪಾದದ್ದು, ಮಣ್ಣಿಗೆ ಹತ್ತಿದ್ದು, ಆ ಜೋಳದ ರೊಟ್ಟಿಗೊಂದು ವಾಸನೆ, ಹುಳಿಯಲ್ಲ, ಸಿಹಿಯಲ್ಲ, ಬಹಳ ದಿನ ಮುಚ್ಚಿಟ್ಟದ್ದರ ವಾಸನೆ, ಅಜ್ಜಿಯ ಗುಡಿಸಿಲಿನಲ್ಲಿ ಗೋಡೆಗೂ ಅದೇ, ಕೌದಿಗೂ ಅದೇ, ನನಗೆ ಅದು ಇಷ್ಟವಿತ್ತು, ರಾಯಚೂರಿಗೆ ಬಂದು ಅಪ್ಪನಿಗೆ ಹೇಳಿದೆ, ಅಜ್ಜಿ ರೊಟ್ಟಿ ವಾಸ್ನಿ ಚಲೋ ಇರ್ತದ ಅಂತ, ಅಪ್ಪ ಓದುತ್ತಿದ್ದ ಪೇಪರು ಮಡಚಿಟ್ಟ, ಹೊಡೆಯುತ್ತಾನೆ ಅಂದುಕೊಂಡೆ, ಹೊಡೆಯಲಿಲ್ಲ, ಗೋಡೆಯ ಮೇಲಿನ ಬುದ್ಧನ, ಬಾಬಾಸಾಹೇಬರ ಫೋಟೋ ಕಡೆ ನೋಡಿ, ಮಗಳೇ, ಹಗೇವಿನ ಮಾತು ಹೊರಗ ಎಲ್ಲೂ ಆಡಬ್ಯಾಡ, ಆಡಿದ್ರ ಮಂದಿ ನಿನ್ನನ್ನೂ ಅದಕ್ಕ ಇಳಸ್ತಾರ ಎಂದ. ಅಪ್ಪನ ಮಾತು ತಪ್ಪಲ್ಲ, ಅವನು ಕಂಡದ್ದು ಅವನಿಗೆ ಗೊತ್ತು, ಆದರೆ ಅಪ್ಪ ಹೇಳಿದ್ದು ಶಾಲೆಗೆ ಹೋಗುವ ಹುಡುಗಿಗೆ, ನಾನು ಈಗ ಬೋರ್ಡು ಬರೆಯುವ ಹೆಂಗಸು, ಅಪ್ಪನ ಬೆನ್ನ ಹಿಂದೆ ಅವಿತುಕೊಳ್ಳುವ ವಯಸ್ಸಲ್ಲ.

ಬಸ್ಸು ಹೊರಟಿದೆ, ಸೆರಗು ಇಳಿಸಿದೆ, ಯಾರೂ ಗುರುತು ಹಿಡಿಯಲಿಲ್ಲ, ನಿರಾಳವಾಯಿತು, ನಿರಾಳವಾದದ್ದಕ್ಕೇ ಕಿವಿ ಬಿಸಿಯಾಯಿತು. ಹಡಗಿನಲ್ಲಿ ಹುಲಿಗೇಶ ಮೊದಲ ದಿನವೇ ಹಿಡಿದಿದ್ದ, ರಾಯಚೂರು ಅಂದ್ರ ನಮ್ಮ ಕಡಿಯವ್ರ ಆದ್ರಿ ಅಕ್ಕಾರ, ಏನು ಮಾತಾಡಿದ್ರೂ ಇಲ್ಲಿ ಮಂದಿಗೆ ನಮ್ಮ ಮಾತು ತಿಳಿಯಂಗಿಲ್ಲ, ನೀವು ಬಂದ್ರಿ ನೋಡ್ರಿ, ಹೊಟ್ಟಿ ತುಂಬ್ತು, ಎಂದು ನಗುತ್ತಾ ಪೆಟ್ಟಿಗೆ ಇಳಿಸಿದ್ದ, ನಾನು ಅವನನ್ನು ಆಚೆ ಕರೆದು, ನೋಡು, ಎಲ್ಲರ ಮುಂದೆ ಅಕ್ಕಾ ಅನ್ನಬೇಡ, ಮೇಡಂ ಅನ್ನು ಎಂದೆ, ಪುಸ್ತಕದ ಕನ್ನಡದಲ್ಲಿ, ಒಂದೊಂದು ಅಕ್ಷರ ಇಸ್ತ್ರಿ ಮಾಡಿ, ಅವನ ಮುಖ ಒಂದು ಗಳಿಗೆ ಸಪ್ಪಗಾಯಿತು, ಆಮೇಲೆ, ಆತ್ರಿ ಮೇಡಮಕ್ಕಾ ಎಂದ, ಅಂದಿನಿಂದ ಅದೇ ಹೆಸರು, ಮೇಡಮಕ್ಕಾ ಚಹಾ, ಮೇಡಮಕ್ಕಾ ಬಿಸಲಾಗ ನಿಂದರಬ್ಯಾಡ್ರಿ. ಅವನು ಬಿದ್ದ ದಿನ, ಮಳೆಗಾಲ ಮುಗಿದಿತ್ತು, ಮರುದಿನ ದೊಡ್ಡವರು ಯಾರೋ ನೋಡಲು ಬರುವುದಿತ್ತು, ಹಿಂದಿನ ಹ್ಯಾಚು ದಿನಾ ತೆಗೆಯುತ್ತಿದ್ದೆವು, ಮುಂದಿನದು ಮಳೆಗೆ ಮುಂಚೆ ಬೆಣೆ ಬಡಿದು ಮುಚ್ಚಿದ್ದು, ಒಳಗೆ ಒದ್ದೆ ನಾರಿನ ಹಗ್ಗದ ಸುರುಳಿಗಳು, ತುಕ್ಕು ಹಿಡಿದ ಕಬ್ಬಿಣ, ಕೊಳೆತ ಹಲಗೆ, ಅದೆಲ್ಲ ಒಳಗಿನ ಗಾಳಿಯನ್ನು ತಿಂದು ಮುಗಿಸುತ್ತದೆ ಎಂದು ಆಮೇಲೆ ಅಗ್ನಿಶಾಮಕದವರು ವಿವರಿಸಿದರು, ಅವರು ವಿವರಿಸುವಾಗ ನಾನು ಹೊಸದಾಗಿ ಕೇಳುತ್ತಿರುವವಳಂತೆ ತಲೆಯಾಡಿಸಿದೆ. ಹುಲಿಗೇಶ ಬೆಣೆ ಕಿತ್ತ, ಅವನ ಜೊತೆಗಾರ ಕುತುಬುದ್ದೀನ್ ತಾಡಪತ್ರಿ ಮಡಚಿದ, ಇಬ್ಬರೂ ಹಲಗೆ ಎತ್ತಿದರು, ಮತ್ತು ಬಂತು, ಅಜ್ಜಿಯ ರೊಟ್ಟಿಯ ವಾಸನೆ, ಸಮುದ್ರದ ಮೇಲೆ, ನನ್ನ ಮುಖಕ್ಕೆ, ಮಾತಿಗೂ ಮೊದಲು ಮೈಗೆ ತಿಳಿಯಿತು, ಬೆನ್ನ ರೋಮ ನಿಂತವು, ಪಕ್ಕದಲ್ಲಿ ಚನ್ನವೀರ ಸರ್, ಏಣಿ ಬಿಡ್ರೋ, ಹೊತ್ತಾತು ಎನ್ನುತ್ತಿದ್ದಾರೆ, ಸ್ವಲ್ಪ ತಡೀರಿ ಸರ್ ಎಂದೆ, ಅದನ್ನು ಹೇಳಿದೆ, ಅದೊಂದನ್ನು ಹೇಳಿದೆ, ಯಾಕ ಮೇಡಂ ಎಂದು ಅವರು ನನ್ನತ್ತ ತಿರುಗಿದರು, ನಿಜವಾಗಿಯೂ ಕೇಳಿದರು, ಕಾದರು, ಉತ್ತರ ಬಾಯಲ್ಲೇ ಇತ್ತು, ಹಗೇವಿಗೆ ಇಳಿಯುವ ಮುಂಚೆ ದೀಪ ಬಿಡ್ತಾರ ಸರ್, ಅಷ್ಟೆ, ಮುಂದಿನ ಪ್ರಶ್ನೆಯೂ ಬಾಯಿಗೆ ಮೊದಲೇ ಬಂದು ನಿಂತಿತ್ತು, ನಿಮಗ ಹೆಂಗ ಗೊತ್ತು, ಆಮೇಲೆ ಆ ಬ್ಯಾರೆ ಮಂದಿ, ಆಮೇಲೆ ಚಹಾದ ಗ್ಲಾಸು ಕೊಡುವ ಕೈ ಒಂದು ಕ್ಷಣ ತಡೆಯುವುದು, ಅಥವಾ ತಡೆಯದೆಯೂ ಇರಬಹುದಿತ್ತು, ಅವರನ್ನು ಪರೀಕ್ಷೆ ಮಾಡುವುದಕ್ಕೂ ನಾನು ಬಿಡಲಿಲ್ಲ. ಏನಿಲ್ಲ ಸರ್, ವಾಸನೆ, ಎಂದೆ. ವಾಸ್ನಿಗೆ ಮೂಗು ಮುಚ್ಕೊಂಡು ನಿಂದರ್ರಿ, ಎಂದು ಅವರು ನಕ್ಕರು. ಹುಲಿಗೇಶನೂ ನಕ್ಕ, ಮೊಬೈಲಿನ ಟಾರ್ಚು ಹಚ್ಚಿ ಕೈಯಲ್ಲಿ ಹಿಡಿದು ಏಣಿ ಇಳಿದ, ಅರ್ಧಕ್ಕೆ ನಿಂತು ಮುಖ ಮೇಲೆತ್ತಿ, ಬರ್ರಿ ಮೇಡಮಕ್ಕಾ, ಒಳಗ ತಂಪದ, ಎಂದ, ಇನ್ನೂ ಇಳಿದ, ಆಮೇಲೆ ಏಣಿಯಿಂದ ಅವನ ಕೈ ಜಾರಲಿಲ್ಲ, ಕೈ ತಾನಾಗಿ ಬಿಚ್ಚಿಕೊಂಡಿತು. ಬಿದ್ದ ಸದ್ದು ಸಣ್ಣದು. ಟಾರ್ಚು ಆರಲಿಲ್ಲ. ಅವನ ಪಕ್ಕದಲ್ಲಿ, ತಳದಲ್ಲಿ, ಮೇಲಕ್ಕೆ ಬೆಳಕು ಬಿಡುತ್ತಾ ಬಿದ್ದಿತ್ತು.

ದೇವದುರ್ಗದಲ್ಲಿ ಇಳಿದು ಗೂಗಲ್ ಕಡೆಯ ಟಂಟಂ ಆಟೋ ಹತ್ತಿದ್ದೇನೆ, ಸರೀರಿ ಸರೀರಿ, ಇನ್ನೊಬ್ರು ಹಿಡೀತಾರ ಎಂದು ಡ್ರೈವರು ಎಲ್ಲರನ್ನೂ ಒತ್ತುತ್ತಿದ್ದಾನೆ, ಇನ್ನೊಬ್ರನ್ನ ನಿನ್ನ ತೊಡಿ ಮ್ಯಾಲ ಕುಂದ್ರಿಸ್ಕೋ ಎಂದು ಒಬ್ಬ ಮುದುಕಿ ಅನ್ನುತ್ತಾಳೆ, ನಗುತ್ತಾರೆ, ನನ್ನ ಮೊಣಕಾಲು ಯಾರದೋ ಮೊಣಕಾಲಿಗೆ, ಉಸಿರಾಡಲು ಇಲ್ಲಿ ಗಾಳಿ ಬೇಕಾದಷ್ಟಿದೆ. ಕುತುಬುದ್ದೀನ್ ಏಣಿಗೆ ಕಾಲಿಟ್ಟಿದ್ದ, ಹುಲಿಗ್ಯಾ ಲೇ ಎಂದು ಕೂಗುತ್ತಾ, ಆಗ ನನ್ನ ಬಾಯಿ ತೆರೆಯಿತು, ಇಳೀಬ್ಯಾಡೋ, ದೀಪ ಸಾಯೋ ಜಾಗ ಅದು, ಅಪ್ಪಟ ಗಬ್ಬೂರಿನ ಮಾತು, ಅಜ್ಜಿಯ ಗಂಟಲು, ಬಂದರಿನ ದಂಡೆಯ ಮಂದಿ ತಿರುಗಿ ನೋಡುವಷ್ಟು, ಹಾಯಿಬಟ್ಟಿ ಕಟ್ರಿ, ಒಳಗ ಬೀಸ್ರಿ, ಮ್ಯಾಲ ಕೆಳಗ, ಮ್ಯಾಲ ಕೆಳಗ, ಕುತುಬುದ್ದೀನನ ಸೊಂಟಕ್ಕೆ ಹಗ್ಗ ಬಿಗಿದು, ಬಾಯಿಗೆ ಬಂದ ಹಾಗೆ ಬೈದು ಬೀಸಿಸಿದೆ, ಆಮೇಲೆ ಅವನನ್ನು ಇಳಿಸಿದೆವು, ಉಸಿರು ಕಟ್ಟಿಕೊಂಡು ಹುಲಿಗೇಶನ ಕಂಕುಳಿಗೆ ಹಗ್ಗ ಹಾಕಿ ಮೇಲೆ ಬಂದ, ಎಳೆದೆವು. ಎಲ್ಲವೂ ಗೊತ್ತಿತ್ತು, ಒಂದೂ ಮರೆತಿರಲಿಲ್ಲ. ಪೇಪರಿನಲ್ಲಿ ನನ್ನ ಹೆಸರು ಬಂತು, ಸಮಯಪ್ರಜ್ಞೆ ಎಂದು ಬರೆದರು, ಅಪ್ಪ ಕತ್ತರಿಸಿ ಇಟ್ಟಿದ್ದಾನೆ. ಚನ್ನವೀರ ಸರ್ ಮಾತ್ರ ಅವತ್ತು ಹಗ್ಗ ಎಳೆಯುತ್ತಲೇ ನನ್ನನ್ನು ನೋಡಿದರು, ಅವರಿಗೆ ತಿಳಿಯಿತು, ನಾನು ಯಾರ ಮೊಮ್ಮಗಳು ಎಂದಲ್ಲ, ನನಗೆ ಗೊತ್ತಿತ್ತು ಎಂದು, ತಾವು ಯಾಕೆ ಅಂತ ಕೇಳಿದ್ದು, ನಾನು ಏನಿಲ್ಲ ಎಂದದ್ದು, ಎರಡೂ ಒಟ್ಟಿಗೆ ನೆನಪಾಗಿರಬೇಕು, ಆಮೇಲೆ ಆ ಮಾತು ಎತ್ತಲೇ ಇಲ್ಲ, ಅದಕ್ಕೆ ಬದಲು ಆಸ್ಪತ್ರೆಯ ವರಾಂಡದಲ್ಲಿ, ಹುಲಿಗೇಶನ ಕಡೆಯವರು ಬಂದು ಸುತ್ತ ನಿಂತಾಗ, ಸ್ವಲ್ಪ ತಗೊಂಡಿದ್ದ ಅಂತ ಕಾಣ್ತದ್ರಿ, ತಡಿ ಅಂದ್ರೂ ಇಳದ, ಎಂದರು, ಎಂದು ನನ್ನ ಕಡೆ ನೋಡಿದರು. ಅವನ ಬಾಯಿಂದ ಬೆಳಿಗ್ಗೆ ಬಂದದ್ದು ಚಹಾದ ವಾಸನೆ, ಬೆಲ್ಲದ್ದು, ಅದೂ ನನ್ನ ಮೂಗಿಗೆ ಗೊತ್ತಿತ್ತು. ನಾನು ನೆಲ ನೋಡಿದೆ. ತಲೆಯಾಡಿಸಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ, ನೆಲ ನೋಡಿದೆ ಅಷ್ಟೆ ಎಂದು, ತಲೆ ಬಗ್ಗಿಸಿ ನೆಲ ನೋಡುವುದಕ್ಕೂ ತಲೆಯಾಡಿಸುವುದಕ್ಕೂ ಆಚೆ ನಿಂತವರಿಗೆ ಏನು ವ್ಯತ್ಯಾಸ ಕಂಡೀತು. ಆ ಸುಳ್ಳನ್ನೇ ಶಶಿಕಲಾ ಊರಿಗೆ ಒಯ್ದಳು, ಅವನೂ ಅದನ್ನೇ ನಂಬಿದ, ಅವತ್ತಿನ ಬೆಳಗು ಅವನ ತಲೆಯಿಂದ ಅಳಿಸಿ ಹೋಗಿದೆ, ಆ ಖಾಲಿ ಜಾಗದಲ್ಲಿ ಏನಿಟ್ಟರೂ ಕೂತುಕೊಳ್ಳುತ್ತದೆ. ಅಲ್ಲಮಪ್ರಭು ಗುಡಿ ಹತ್ರ ಇಳಿಯೋರು ಇಳೀರಿ, ಡ್ರೈವರು ಕೂಗುತ್ತಾನೆ.

ಮನೆ ಸಿಕ್ಕಿತು, ಮುಂದೆ ಬೇವಿನ ನೆರಳು, ನೆರಳಲ್ಲಿ ಹೊರಸು, ಹೊರಸಿನ ಮೇಲೆ ಅವನು, ಸೊರಗಿಲ್ಲ, ಊದಿದ್ದಾನೆ, ಬಲಗೈ ತಾನೇ ತಾನಾಗಿ ನಡುಗುತ್ತಿದೆ, ಎಡಗೈಯಲ್ಲಿ ಅದನ್ನು ಹಿಡಿದುಕೊಂಡಿದ್ದಾನೆ, ಬೇರೆಯವರ ಕೂಸನ್ನು ಹಿಡಿದ ಹಾಗೆ, ನನ್ನನ್ನು ಕಂಡು ಏಳಲು ನೋಡಿದ, ಮೇ, ಮೇಡಮಕ್ಕಾ, ಬರ್ರಿ, ತಪ್ಪಾತ್ರಿ, ನಿಮಗೆಲ್ಲಾ ತ್ರಾಸ ಕೊಟ್ಟೆ, ಎಂದು ತಲೆ ಬಗ್ಗಿಸಿದ — ಇಲ್ಲ, ನೀನು ಬಗ್ಗಿಸಬೇಡ, ಮೇಲೆ ನೋಡು, ಎಂದು ಹೇಳಬೇಕು, ಕೂತೆ. ಶಶಿಕಲಾ ತಂಬಿಗೆಯಲ್ಲಿ ನೀರು ತಂದಿಟ್ಟಳು, ಅವನಿಂದ ದೂರ ಬಾಗಿಲಿಗೆ ಒರಗಿ ನಿಂತಳು, ಅಷ್ಟು ದೂರ ನಿಲ್ಲುವುದು ಈ ಮನೆಯಲ್ಲಿ ರೂಢಿಯಾಗಿದೆ ಎಂದು ನಿಂತ ರೀತಿಯಲ್ಲೇ ತಿಳಿಯುತ್ತದೆ, ಮೊದ್ಲು ಹೇಳ್ರಿ ಮೇಡಂ, ರೊಟ್ಟಿ ಆಮ್ಯಾಲ ತಿನ್ನೂಣು, ಇವ್ರ ಮುಂದನ ಹೇಳ್ರಿ. ಕುಡಿದಿದ್ದಿಲ್ಲ ಎಂದೆ. ಅಷ್ಟು ಸುಲಭವಾಗಿ ಬಂತು. ಚಹಾ ಕುಡಿದಿದ್ದ, ಬೆಲ್ಲದ ಚಹಾ, ನನ್ನ ಮುಂದೆನೇ. ಅವನು ತಲೆ ಎತ್ತಿದ, ಹೆಂಡತಿಯ ಕಡೆ ನೋಡಿದ, ಅವಳು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ, ಹಂಗಾದ್ರ ಯಾಕ ಇಳದ್ರು, ಕುಡೀಲಾರದ ಮನಶಾ ಉಸುರಿಲ್ಲದ ಜಾಗಕ್ಕ ಇಳಿತಾನೇನ್ರಿ, ಇವ್ರಿಗೆ ಗೊತ್ತಿದ್ದಿಲ್ಲ, ಹೋಗ್ಲಿ, ಯಾರಿಗೂ ಗೊತ್ತಿದ್ದಿಲ್ಲೇನ್ರಿ ಅಷ್ಟು ಮಂದ್ಯಾಗ, ಓದಿದವ್ರಿದ್ರಿ, ಸಾಹುಕಾರಿದ್ರು — ಚನ್ನವೀರ ಸರ್ ಹೇಳಿಕೊಟ್ಟ ಮಾತು ಇಲ್ಲಿಗೆ ಸರಿಯಾಗಿ ಕೂರುತ್ತದೆ, ಇಲ್ಲಿಗೆಂದೇ ಕಡೆದು ಕೊಟ್ಟ ಬೆಣೆ, ಯಾರಿಗೂ ಗೊತ್ತಿದ್ದಿಲ್ಲ, ಬಡಿದರೆ ಮುಗಿಯಿತು, ಗಾಳಿ ಕೂಡ ಒಳಗೆ ಹೋಗದು, ನೀರು ಕುಡಿಯುತ್ತೇನೆ, ತಂಬಿಗೆ ತಣ್ಣಗಿದೆ, ಏನಿಲ್ಲ ಎಂಬ ಮಾತು ನಾಲಿಗೆಯ ಮೇಲೆ ಬಂದು ಕೂತಿದೆ, ಏನಿಲ್ಲ ತಂಗಿ, ಏನಿಲ್ಲ ಸರ್, ಏನಿಲ್ಲ — ನನಗ ಗೊತ್ತಿತ್ತು ಎಂದೆ. ನಾ ಗಬ್ಬೂರಾಕಿ ತಂಗಿ, ನಮ್ಮಜ್ಜಿ ಸಾಹುಕಾರರ ಹಗೇವಿಗೆ ಇಳಿತಿದ್ಲು, ಇಳಿಯೂ ಮೊದ್ಲು ಕಂದೀಲು ಬಿಡ್ತಿದ್ಲು, ಕಂದೀಲು ಆರಿದ್ರ ಇಳಿಬಾರದು, ವಾಸ್ನಿ ಬಂದ ಕೂಡ್ಲೇ ನನಗ ಗೊತ್ತಾತು, ಚನ್ನವೀರ ಸಾಹುಕಾರು ಯಾಕ ಅಂತ ಕೇಳಿದ್ರು, ಹೇಳಿದ್ರ ನಾ ಯಾರು ಅಂತ ತಿಳೀತದಂತ ಏನಿಲ್ಲ ಅಂದೆ. ಇಷ್ಟೇ ಇತ್ತು, ಹೊರಗೆ ಬಂದ ಮೇಲೆ ಎಷ್ಟು ಸಣ್ಣದು, ಇಷ್ಟು ಸಣ್ಣದಕ್ಕೆ ಆ ಕೈ ನಡುಗುತ್ತಿದೆ. ಶಶಿಕಲಾ ಬಯ್ಯಲಿಲ್ಲ, ಬಯ್ಯಬೇಕಿತ್ತು, ಬಾಗಿಲು ಬಿಟ್ಟು ಬಂದು ಹೊರಸಿನ ಮೇಲೆ ಅವನಿಗೆ ಅಂಟಿ ಕೂತಳು, ಆ ನಡುಗುವ ಕೈಯನ್ನು ಅವನಿಂದ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡು ಸೆರಗು ಮುಚ್ಚಿದಳು, ನನ್ನ ಮುಖ ನೋಡಲಿಲ್ಲ, ರೊಟ್ಟಿಯ ಮಾತೂ ಆಡಲಿಲ್ಲ, ಇನ್ನು ಈ ಮನೆಯಲ್ಲಿ ಅದನ್ನು ಯಾರೂ ಆಡರು, ಸರಿ. ಹುಲಿಗೇಶ ಮಾತ್ರ ಯೋಚಿಸುತ್ತಿದ್ದಾನೆ, ಅವನ ಯೋಚನೆ ಈಗ ಮೆಲ್ಲಗೆ ಏಣಿ ಇಳಿದಂತೆ, ಒಂದೊಂದೇ ಮೆಟ್ಟಿಲು, ಸಿಟ್ಟು ಬರಲಿ ಎಂದು ಕಾಯುತ್ತಿದ್ದೇನೆ, ಬರುತ್ತಿಲ್ಲ, ತಿಳಿಯದ್ದನ್ನು ತಿಳಿದುಕೊಳ್ಳುವವನ ಮುಖ ಅದು, ಮೇಡಮಕ್ಕಾ, ಅಂದ್ರ, ಕಂದೀಲಾಗಿದ್ರ ಆರ್ತಿತ್ತೇನ್ರಿ. ಆರ್ತಿತ್ತು, ಎಂದೆ. ನೋಡಿದ್ರ ನಾ ಇಳಿತಿದ್ದಿಲ್ಲ. ಇಳಿತಿದ್ದಿಲ್ಲ. ಮೊಬೈಲು ಆರಲಿಲ್ಲಲ್ರಿ, ಎಂದ, ಸ್ವಲ್ಪ ನಕ್ಕ ಕೂಡ, ಕುತುಬ್ಯಾ ಹೇಳ್ಯಾನ, ನನ್ನ ಮ್ಯಾಲಕ್ಕ ಎಳದ ಮ್ಯಾಲೂ ಅದು ಒಳಗ ಹತ್ತೇ ಇತ್ತಂತ. ಹೌದು, ಹತ್ತೇ ಇತ್ತು, ನಿನ್ನನ್ನು ಎಳೆದ ಮೇಲೂ, ಗಾಡಿ ಬಂದು ನಿನ್ನನ್ನು ಒಯ್ದ ಮೇಲೂ, ಮಂದಿ ಚದುರಿದ ಮೇಲೆ ನಾನು ಕಟ್ಟೆ ಹಿಡಿದು ಬಗ್ಗಿ ನೋಡಿದೆ, ಚೌಕ ಬಾಯಿ, ಕತ್ತಲೆ, ತಳದಲ್ಲಿ ನಾರಿನ ಹಗ್ಗದ ಸುರುಳಿಯ ಮೇಲೆ ಬಿದ್ದ ಬಿಳಿ ಬೆಳಕು, ಅಲುಗದೆ, ಮೇಲಕ್ಕೆ ಮುಖ ಮಾಡಿ, ನನ್ನ ಮುಖದ ಮೇಲೆ, ಸಾಯದೆ